ಕಾಡಿನಲ್ಲಿ ಸಿಕ್ಕಿಕೊಂಡ ಹದಿಹರೆಯದವರ ಕಥೆಗೆ ಪಾತ್ರಗಳನ್ನು ಕಟ್ಟುವುದು ಹೇಗೆ

ಬದುಕುಳಿಯುವ ಕಥೆಯನ್ನು ಬರೆಯಲು ಕೂತವರು ಸಾಮಾನ್ಯವಾಗಿ ಕಾಡಿನ ಬಗ್ಗೆ ಚೆನ್ನಾಗಿ ಓದಿಕೊಂಡಿರುತ್ತಾರೆ. ಬೆಂಕಿ ಹೊತ್ತಿಸುವ ಬಗೆ, ನೀರು ಹುಡುಕುವ ಬಗೆ, ವಿಷದ ಗಿಡಗಳ ಪಟ್ಟಿ, ನಕ್ಷತ್ರ ನೋಡಿ ದಿಕ್ಕು ತಿಳಿಯುವ ಉಪಾಯ ಎಲ್ಲವೂ ಅವರ ಟಿಪ್ಪಣಿ ಪುಸ್ತಕದಲ್ಲಿ ಇರುತ್ತವೆ. ಆ ಸಿದ್ಧತೆ ಬೇಕಾದದ್ದೇ. ಆದರೆ ಹದಿನಾಲ್ಕು ಹದಿನೈದರ ಓದುಗರು ನಿದ್ದೆಗೆಟ್ಟು ಪುಟ ತಿರುವುವುದು "ಈಗ ಇವಳು ಏನು ಮಾಡುತ್ತಾಳೆ" ಎಂಬ ಒಂದೇ ಕುತೂಹಲಕ್ಕೆ. ಆ ಪ್ರಶ್ನೆಗೆ ನಂಬಿಕೆ ಹುಟ್ಟಿಸುವ ಉತ್ತರ ಸಿಗಬೇಕಾದರೆ ಲೇಖಕರಿಗೆ ಎರಡು ಸಂಗತಿಗಳು ಖಚಿತವಾಗಿ ಗೊತ್ತಿರಬೇಕು: ಆ ಹುಡುಗಿಗೆ ನಿಜವಾಗಿ ಏನು ತಿಳಿದಿದೆ, ಮತ್ತು ಹಸಿದ, ನಡುಗುವ, ನಿದ್ದೆಯಿಲ್ಲದ ಅವಳ ದೇಹವು ಆ ತಿಳಿವಳಿಕೆಯಲ್ಲಿ ಎಷ್ಟನ್ನು ಬಳಸಲು ಬಿಡುತ್ತದೆ. ಪಾತ್ರಗಳನ್ನು ಕಟ್ಟುವ ಬಗ್ಗೆ ಇಲ್ಲಿ ಹೇಳುವುದೆಲ್ಲವೂ ಈ ಎರಡರಿಂದಲೇ ಹೊರಟದ್ದು.

ತಿಳಿವಳಿಕೆ ಎಲ್ಲಿಂದ ಬಂತು

ಪಾತ್ರದ ರೂಪ, ಇಷ್ಟದ ಬಣ್ಣ, ಶಾಲೆಯ ಅಂಕಗಳನ್ನು ಗೊತ್ತುಮಾಡಿಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು, ಕಾಡಿನಲ್ಲಿ ಉಪಯೋಗಕ್ಕೆ ಬರಬಹುದಾದ ಯಾವ ಯಾವ ವಿಷಯ ಆ ಪಾತ್ರಕ್ಕೆ ಗೊತ್ತು ಎಂದು ಬರೆಯಿರಿ. ಪ್ರತಿಯೊಂದರ ಮುಂದೆ ಅದು ಕೈಯಾರೆ ಮಾಡಿದ್ದೋ, ಕಣ್ಣಾರೆ ಕಂಡದ್ದೋ, ಬರೀ ಕಿವಿಯಿಂದ ಕೇಳಿದ್ದೋ ಎಂದು ಗುರುತು ಹಾಕಿ. ಈ ಮೂರರ ನಡುವಿನ ಅಂತರವೇ ಕಥೆಯ ಬಹುಪಾಲು ಉದ್ವೇಗವನ್ನು ಒದಗಿಸುತ್ತದೆ. ಕೈಯಾರೆ ಮಾಡಿದ್ದನ್ನು ಪಾತ್ರವು ಕತ್ತಲಲ್ಲಿಯೂ ಮಾಡಬಲ್ಲದು. ಕಂಡದ್ದನ್ನು ಮಾಡಲು ಹೊರಟಾಗ ನಡುವೆ ಒಂದು ಹಂತ ಮರೆತಿರುತ್ತದೆ. ಕೇಳಿದ್ದನ್ನು ನಂಬಿ ಹೊರಟಾಗ ಅದು ಅರ್ಧ ಸತ್ಯವಾಗಿರುವ ಸಂಭವವೇ ಹೆಚ್ಚು. ಸಿನಿಮಾದಲ್ಲಿ ಕೋಲು ಉಜ್ಜಿ ಬೆಂಕಿ ಮಾಡುವುದನ್ನು ನೋಡಿದ ಹುಡುಗನೊಬ್ಬ ಮೊದಲ ಸಂಜೆಯೇ ಅದನ್ನು ಸಾಧಿಸಿದರೆ ಓದುಗರ ನಂಬಿಕೆ ಅಲ್ಲಿಗೇ ಮುಗಿಯಿತು. ಅದೇ ಹುಡುಗ ಅಂಗೈ ಬೊಬ್ಬೆ ಬರುವ ತನಕ ಉಜ್ಜಿ, ಹೊಗೆಯನ್ನಷ್ಟೇ ಕಂಡು, ಸೋತದ್ದನ್ನು ಜೊತೆಯವರಿಂದ ಮುಚ್ಚಿಡಲು ಬೊಬ್ಬೆ ಬಂದ ಕೈಯನ್ನು ಜೇಬಿಗೆ ಸೇರಿಸಿದರೆ ಅವನು ಯಾರು ಎಂಬುದು ಓದುಗರಿಗೆ ಗೊತ್ತಾಗತೊಡಗುತ್ತದೆ.

ಇದಕ್ಕೆ ನಿಜ ಜೀವನದ ಅತ್ಯುತ್ತಮ ಉದಾಹರಣೆ ಜೂಲಿಯಾನ್ ಕೋಪ್ಕೆ. 1971ರ ಡಿಸೆಂಬರ್ 24ರಂದು ಪೆರು ದೇಶದ ಮಳೆಕಾಡಿನ ಮೇಲೆ ವಿಮಾನವೊಂದು ಸಿಡಿಲಿಗೆ ಸಿಕ್ಕಿ ಒಡೆದುಹೋದಾಗ ಅವಳು ಸುಮಾರು 3,000 ಮೀಟರ್ ಎತ್ತರದಿಂದ ಆಸನದ ಸಮೇತ ಕೆಳಗೆ ಬಿದ್ದು ಬದುಕಿದಳು. ಆಗ ಅವಳ ವಯಸ್ಸು 17. ಕೊರಳೆಲುಬು ಮುರಿದಿತ್ತು, ಕನ್ನಡಕ ಕಳೆದುಹೋಗಿತ್ತು, ಕಾಲಿಗೆ ಉಳಿದದ್ದು ಒಂದೇ ಚಪ್ಪಲಿ. ಹಾಗಿದ್ದೂ 11 ದಿನ ಕಾಡಿನಲ್ಲಿ ನಡೆದು ಪಾರಾದಳು. ಅವಳ ತಂದೆತಾಯಿ ಇಬ್ಬರೂ ಜೀವವಿಜ್ಞಾನಿಗಳು, ಕಾಡಿನೊಳಗಿನ ಅವರ ಸಂಶೋಧನಾ ನೆಲೆಯಲ್ಲಿ ಅವಳು ಅವರೊಂದಿಗೆ ವಾಸವಾಗಿದ್ದವಳು. ಹರಿಯುವ ತೊರೆಯನ್ನು ಅನುಸರಿಸಿದರೆ ಅದು ದೊಡ್ಡ ನೀರಿಗೆ, ದೊಡ್ಡ ನೀರು ಮನುಷ್ಯರಿರುವ ಕಡೆಗೆ ಕರೆದೊಯ್ಯುತ್ತದೆ ಎಂಬ ತಂದೆಯ ಮಾತು ಅವಳಿಗೆ ನೆನಪಿತ್ತು. ತೋಳಿನ ಗಾಯದಲ್ಲಿ ಹುಳುಗಳಾದಾಗ, ತಂದೆ ನಾಯಿಯೊಂದರ ಅಂಥದೇ ಗಾಯಕ್ಕೆ ಸೀಮೆಎಣ್ಣೆ ಹಾಕಿದ್ದು ನೆನಪಾಗಿ, ನದಿಯ ದಡದ ಗುಡಿಸಲಿನಲ್ಲಿ ಸಿಕ್ಕ ಪೆಟ್ರೋಲನ್ನು ತನ್ನ ಗಾಯಕ್ಕೆ ಸುರಿದುಕೊಂಡಳು. ಅಲ್ಲಿ ಒಂದು ದೋಣಿಯೂ ಇತ್ತು. ಬೇರೆಯವರ ದೋಣಿಯನ್ನು ಕದಿಯಲು ಮನಸ್ಸು ಒಪ್ಪದೆ ಅವಳು ಅದನ್ನು ಮುಟ್ಟಲಿಲ್ಲ.

ಆ ದೋಣಿಯ ಸಂಗತಿಯನ್ನು ಗಮನಿಸಿ. ತೊರೆಯ ಪಾಠ, ಸೀಮೆಎಣ್ಣೆಯ ನೆನಪು ಇವೆರಡೂ ಅವಳ ತಿಳಿವಳಿಕೆಯ ಮೂಲವನ್ನು ತೋರಿಸುತ್ತವೆ. ದೋಣಿಯನ್ನು ಬಿಟ್ಟದ್ದು ಮಾತ್ರ ಅವಳ ಸ್ವಭಾವವನ್ನು ತೋರಿಸುತ್ತದೆ. ಹತ್ತು ದಿನ ಹಸಿದಿದ್ದರೂ ಅವಳೊಳಗಿನ ಮನೆಯ ಸಂಸ್ಕಾರ ಕರಗಿಹೋಗಿರಲಿಲ್ಲ. ನಿಮ್ಮ ಕಥೆಯ ಪ್ರತಿ ಮುಖ್ಯ ಪಾತ್ರಕ್ಕೂ ಇಂಥ ಒಂದು ದೋಣಿಯನ್ನು ಹುಡುಕಿ: ಬದುಕುವ ದೃಷ್ಟಿಯಿಂದ ನೋಡಿದರೆ ಅರ್ಥವಿಲ್ಲದ, ಆದರೆ ಆ ಪಾತ್ರದ ದೃಷ್ಟಿಯಿಂದ ನೋಡಿದರೆ ಬೇರೆ ದಾರಿಯೇ ಇಲ್ಲದ ಒಂದು ನಡೆ.

ಹದಿಹರೆಯದವರು ಕಿರಿಯ ವಯಸ್ಕರಲ್ಲ

ಹನ್ನೆರಡರಿಂದ ಹದಿನೆಂಟರ ನಡುವಿನ ಓದುಗರು ತಮಗಿಂತ ಒಂದೆರಡು ವರ್ಷ ದೊಡ್ಡವರಾದ ಪಾತ್ರಗಳನ್ನು ಸಂತೋಷದಿಂದ ಹಿಂಬಾಲಿಸುತ್ತಾರೆ, ಚಿಕ್ಕವರನ್ನು ಅಷ್ಟಾಗಿ ಹಿಂಬಾಲಿಸುವುದಿಲ್ಲ. ಹಾಗಾಗಿ ಕಥಾನಾಯಕಿಗೆ ಹದಿನೈದು, ಹದಿನಾರು, ಹದಿನೇಳು ವರ್ಷವಿರುವುದು ರೂಢಿ. ಅದಕ್ಕಿಂತ ಮುಖ್ಯವಾದದ್ದು ಆ ವಯಸ್ಸಿನ ಮನಸ್ಸು ಹೇಗೆ ಲೆಕ್ಕ ಹಾಕುತ್ತದೆ ಎಂಬುದು. ಮುಂದಾಲೋಚನೆ ಮತ್ತು ಹತೋಟಿಯನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗವು ಇಪ್ಪತ್ತರ ನಡುವಿನ ವರ್ಷಗಳವರೆಗೂ ಬಲಿಯುತ್ತಲೇ ಇರುತ್ತದೆ. 2005ರಲ್ಲಿ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಅಧ್ಯಯನದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಆಡುವಾಗ ಗೆಳೆಯರು ಪಕ್ಕದಲ್ಲಿದ್ದರೆ 13ರಿಂದ 16ರ ವಯಸ್ಸಿನವರು ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರ ಮೇಲೆ ಗೆಳೆಯರ ಇರವು ಅಂಥ ಪರಿಣಾಮ ಬೀರಲಿಲ್ಲ.

ಕಥೆಗಾರರಿಗೆ ಇದು ಬಹಳ ಉಪಯುಕ್ತವಾದ ಸಂಗತಿ. ಉಕ್ಕಿ ಹರಿಯುವ ಹೊಳೆಯ ದಡದಲ್ಲಿ ಒಬ್ಬನೇ ನಿಂತ ಹುಡುಗ ಹಿಂದಕ್ಕೆ ಹೋಗಬಹುದು. ಅವನೇ ಮೂವರು ಗೆಳೆಯರ ಎದುರು ನೀರಿಗೆ ಇಳಿಯಬಹುದು. ಒಂದೇ ಪಾತ್ರವನ್ನು ಒಂಟಿಯಾಗಿಯೂ ಗುಂಪಿನಲ್ಲಿಯೂ ಒಂದೇ ಬಗೆಯ ಅಪಾಯದ ಮುಂದೆ ನಿಲ್ಲಿಸಿ ಬರೆದು ನೋಡಿದರೆ ಅವನ ಒಳಗು ತಾನಾಗಿಯೇ ತೆರೆದುಕೊಳ್ಳುತ್ತದೆ.

ಈ ವಯಸ್ಸಿನಲ್ಲಿ ಸಾವಿನ ಭಯಕ್ಕಿಂತ ನಾಚಿಕೆ ದೊಡ್ಡದಾಗಿರುವ ಗಳಿಗೆಗಳಿವೆ. ಹಿಮ್ಮಡಿ ಸುಲಿದು ರಕ್ತ ಬರುತ್ತಿದ್ದರೂ ತನ್ನಿಂದ ಗುಂಪಿನ ನಡಿಗೆ ನಿಧಾನವಾಯಿತು ಎನಿಸಬಾರದೆಂದು ಬಾಯಿ ಬಿಡದ ಹುಡುಗಿ, ಮುಟ್ಟಾದದ್ದನ್ನು ಹೇಳಲಾರದೆ ಒಬ್ಬಳೇ ದೂರ ಹೋಗಿ ದಾರಿ ತಪ್ಪುವ ಹುಡುಗಿ, ನಕ್ಷೆ ಓದಲು ಬರುವುದಿಲ್ಲ ಎಂದು ಒಪ್ಪಿಕೊಳ್ಳಲಾರದೆ ತಲೆಯಾಡಿಸಿ ಮುಂದೆ ನಡೆಯುವ ಹುಡುಗ, ಇವರೆಲ್ಲ ಕರಡಿಯ ದಾಳಿಗಿಂತ ಹೆಚ್ಚು ನಂಬಲರ್ಹವಾದ ರೀತಿಯಲ್ಲಿ ಕಥೆಯನ್ನು ಅಪಾಯದತ್ತ ಒಯ್ಯುತ್ತಾರೆ. ಮುಟ್ಟಿನ ವಿಷಯ ಬಂದದ್ದರಿಂದ ಒಂದು ಮಾತು: ತಿಂಗಳುಗಟ್ಟಲೆ ಕಾಡಿನಲ್ಲಿರುವ ಹುಡುಗಿಯ ಕಥೆಯಲ್ಲಿ ಅದರ ಸುಳಿವೇ ಇರದಿದ್ದರೆ ಹುಡುಗಿಯರಾದ ಓದುಗರು ಅದನ್ನು ಗಮನಿಸಿಯೇ ಗಮನಿಸುತ್ತಾರೆ. ಹಸಿವಿನಿಂದ ಅದು ನಿಂತುಹೋಗುವುದೂ ಉಂಟು. ಅದೂ ಬರೆಯಬೇಕಾದ ವಿವರವೇ.

ಇಂಥ ಕಥೆಗಳಲ್ಲಿ ದೊಡ್ಡವರನ್ನು ಹೇಗಾದರೂ ದೂರ ಮಾಡಲೇಬೇಕಾಗುತ್ತದೆ. ಹಾಗೆಂದು ಅವರನ್ನು ದಡ್ಡರನ್ನಾಗಿಯೋ ಹೃದಯಹೀನರನ್ನಾಗಿಯೋ ಮಾಡುವುದು ಅಗ್ಗದ ದಾರಿ. ಒಳ್ಳೆಯ, ಜವಾಬ್ದಾರಿಯುಳ್ಳ ವಯಸ್ಕರೊಬ್ಬರು ಕಾಲು ಮುರಿದುಕೊಂಡು ಬಿದ್ದಿರುವಾಗ ಅವರನ್ನು ಬಿಟ್ಟು ಸಹಾಯ ತರಲು ಹೋಗಬೇಕೇ ಬೇಡವೇ ಎಂದು ಹದಿನಾರರ ಹುಡುಗಿಯೊಬ್ಬಳು ತೀರ್ಮಾನಿಸಬೇಕಾಗಿ ಬರುವುದು ಎಷ್ಟೋ ಹೆಚ್ಚು ತೂಕದ ಸನ್ನಿವೇಶ. ದೂರವಾದ ವಯಸ್ಕರ ಮಾತು ಪಾತ್ರದ ತಲೆಯಲ್ಲಿ ಉಳಿದಿರಲಿ. ಆ ಮಾತು ಒಮ್ಮೆ ದಾರಿ ತೋರಿಸಲಿ, ಇನ್ನೊಮ್ಮೆ ದಾರಿ ತಪ್ಪಿಸಲಿ.

ದೇಹವನ್ನು ಬಿಟ್ಟು ಪಾತ್ರವಿಲ್ಲ

ಊರಿನಲ್ಲಿ ನಡೆಯುವ ಕಥೆಯಲ್ಲಿ ದೇಹವನ್ನು ಮರೆತು ಬರೆಯಬಹುದು, ಇಲ್ಲಿ ಆಗುವುದಿಲ್ಲ. ಚಳಿ, ಬಾಯಾರಿಕೆ, ಹಸಿವುಗಳು ಪಾತ್ರವು ಹೊರಗಿನಿಂದ ಎದುರಿಸುವ ಕಷ್ಟಗಳಷ್ಟೇ ಆಗಿರದೆ, ಯೋಚಿಸುವ ರೀತಿಯನ್ನೇ ಬದಲಿಸುವ ಶಕ್ತಿಗಳಾಗಿರುತ್ತವೆ. ದೇಹದ ತೂಕದ ಶೇ. 2ರಷ್ಟು ನೀರು ನಷ್ಟವಾದರೂ ಗಮನ ಚದುರತೊಡಗುತ್ತದೆ. ದೇಹದ ಒಳಗಿನ ಉಷ್ಣತೆ ಸಾಮಾನ್ಯವಾದ 37 ಡಿಗ್ರಿ ಸೆಲ್ಸಿಯಸ್‌ನಿಂದ 35 ಡಿಗ್ರಿಗಿಂತ ಕೆಳಗೆ ಹೋದಾಗ ಮಾತು ತೊದಲುತ್ತದೆ, ಹೆಜ್ಜೆ ತಡವರಿಸುತ್ತದೆ, ಕೈಯಿಂದ ವಸ್ತುಗಳು ಜಾರುತ್ತವೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ. ಸುಮಾರು 32 ಡಿಗ್ರಿಗೆ ಇಳಿಯುವ ಹೊತ್ತಿಗೆ ನಡುಕವೇ ನಿಂತುಹೋಗುತ್ತದೆ. ಕೆಲವರು ಆ ಸ್ಥಿತಿಯಲ್ಲಿ ಸೆಕೆಯಾಗುತ್ತಿದೆ ಎಂದು ಭ್ರಮಿಸಿ ಮೈಮೇಲಿನ ಬಟ್ಟೆಯನ್ನು ಕಳಚುತ್ತಾರೆ. ಇದನ್ನು ಬಲ್ಲ ಲೇಖಕರು ಒಂದು ಬಹಳ ಪರಿಣಾಮಕಾರಿಯಾದ ದೃಶ್ಯವನ್ನು ಕಟ್ಟಬಹುದು: ಇಡೀ ಸಂಜೆ ನಡುಗುತ್ತಿದ್ದ ಗೆಳೆಯ ಸುಮ್ಮನಾದದ್ದನ್ನು ಕಂಡು ಇವನಿಗೆ ಈಗ ವಾಸಿಯಾಗಿದೆ ಎಂದು ಜೊತೆಗಾರ ನೆಮ್ಮದಿಪಡುತ್ತಾನೆ. ಓದುಗರಿಗೆ ಸತ್ಯ ಗೊತ್ತಿದ್ದರೂ ಪಾತ್ರಕ್ಕೆ ಗೊತ್ತಿಲ್ಲದಿರಬಹುದು.

ಈ ವಿವರಗಳನ್ನು ವೈದ್ಯಕೀಯ ವರದಿಯಂತೆ ಹೇಳದೆ ನಡತೆಯಲ್ಲಿ ತೋರಿಸುವುದು ಹೇಗೆ ಎಂಬುದಕ್ಕೆ ಒಂದು ಮಾದರಿ ಇಲ್ಲಿದೆ. ಮೊದಲ ಕರಡಿನಲ್ಲಿ ಹೆಚ್ಚಿನವರು ಬರೆಯುವುದು ಹೀಗೆ: "ಅವಳಿಗೆ ವಿಪರೀತ ಚಳಿಯಾಗುತ್ತಿತ್ತು. ಬೆಂಕಿ ಹೊತ್ತಿಸದಿದ್ದರೆ ತಾನೂ ತಮ್ಮನೂ ಸಾಯುತ್ತೇವೆ ಎಂದು ಅವಳಿಗೆ ಭಯವಾಯಿತು." ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಇದು ಯಾವ ಹುಡುಗಿಯಾದರೂ ಆಗಬಹುದು. ಅದೇ ಗಳಿಗೆಯನ್ನು ಹತ್ತಿರದಿಂದ ನೋಡಿ ಬರೆದರೆ:

ಪೊಟ್ಟಣದಲ್ಲಿ ಮೂರು ಕಡ್ಡಿಗಳು ಉಳಿದಿದ್ದವು. ಒಂದನ್ನು ತೆಗೆಯಲು ಹೋದರೆ ಮೂರೂ ಒಟ್ಟಿಗೆ ಬಂದವು. ಎರಡನ್ನು ಹಾಗೂ ಹೀಗೂ ಒಳಗೆ ತಳ್ಳಿದಳು. ಹೆಬ್ಬೆರಳೂ ತೋರುಬೆರಳೂ ಕಡ್ಡಿಯನ್ನು ಹಿಡಿದಿರುವುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಗೀರಿದಳು. ಕಡ್ಡಿ ನಡುವೆ ಮುರಿದು ಮದ್ದಿನ ತುದಿ ಒದ್ದೆ ಎಲೆಗಳ ನಡುವೆ ಎಲ್ಲೋ ಬಿತ್ತು.

"ಅಕ್ಕಾ, ನಾನು ಗೀರ್ಲಾ?"

"ಬೇಡ. ನಿಂಗೆ ಬರಲ್ಲ."

ಅವನು ಕಂಕುಳಲ್ಲಿ ಅವುಚಿಕೊಂಡಿದ್ದ ಕೈಗಳನ್ನು ಹೊರಗೆ ತೆಗೆದು, ಬೆರಳುಗಳನ್ನು ಮಡಿಸಿ ಬಿಡಿಸಿ ತೋರಿಸಿದ. ಅವಳು ನೋಡಿದಳು. ಎರಡನೆಯ ಕಡ್ಡಿಯನ್ನೂ ತಾನೇ ಗೀರಿದಳು.

ಇಲ್ಲಿ ಚಳಿ ಎಂಬ ಮಾತೇ ಬಂದಿಲ್ಲ. ಬೆರಳು ಮರಗಟ್ಟಿರುವುದು ಕಡ್ಡಿಯಿಂದ ತಿಳಿಯುತ್ತದೆ. ತಮ್ಮ ಅವಳಿಗಿಂತ ಜಾಣತನದಿಂದ ಕೈ ಬೆಚ್ಚಗಿಟ್ಟುಕೊಂಡಿದ್ದಾನೆ ಎಂಬುದು ತಿಳಿಯುತ್ತದೆ. ಎಲ್ಲವನ್ನೂ ತಾನೇ ಮಾಡಬೇಕು ಎಂಬ ಅಕ್ಕನ ಹಟ ಒಂದು ಕಡ್ಡಿಯ ಬೆಲೆ ತೆತ್ತು ಬಯಲಾಗುತ್ತದೆ. ಮೂರನೆಯ ಕಡ್ಡಿಯನ್ನು ಅವಳು ತಮ್ಮನ ಕೈಗೆ ಕೊಡುತ್ತಾಳೋ ಇಲ್ಲವೋ ಎಂಬುದು ಈಗ ಕಥೆಯ ಬಹು ದೊಡ್ಡ ಘಟನೆಯಾಗಿದೆ. ಇಂಥ ಬರವಣಿಗೆಗೆ ನಿಯಮವೊಂದನ್ನು ಹೇಳಬಹುದಾದರೆ ಅದು ಇಷ್ಟೇ: ದೇಹದ ಸ್ಥಿತಿಯನ್ನು ಕೈಯಲ್ಲಿರುವ ಒಂದು ವಸ್ತುವಿನ ಮೂಲಕ ತೋರಿಸಿ, ಆ ವಸ್ತುವನ್ನು ಇನ್ನೊಬ್ಬರ ಎದುರು ಇಡಿ.

ಹಸಿವಿನ ಬಗ್ಗೆ ಬರೆಯುವವರು 1944 ಮತ್ತು 1945ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗವನ್ನು ತಿಳಿದಿರಬೇಕು. ಸ್ವಇಚ್ಛೆಯಿಂದ ಮುಂದೆ ಬಂದ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇರಿಸಿದಾಗ ಅವರು ತೆಳ್ಳಗಾದದ್ದಷ್ಟೇ ಅಲ್ಲ, ಬೇರೆಯೇ ಮನುಷ್ಯರಾದರು. ಊಟದ ಯೋಚನೆ ಬಿಟ್ಟು ಬೇರೆ ಯೋಚನೆ ಉಳಿಯಲಿಲ್ಲ. ಅಡುಗೆ ಪುಸ್ತಕಗಳನ್ನು ಓದತೊಡಗಿದರು, ತಟ್ಟೆಯ ಆಹಾರವನ್ನು ಗಂಟೆಗಟ್ಟಲೆ ಎಳೆದು ತಿಂದರು, ಹಾಸ್ಯಪ್ರಜ್ಞೆ ಕಳೆದುಕೊಂಡರು, ಸದಾ ಚಳಿ ಎನ್ನುತ್ತಿದ್ದರು, ಗೆಳೆಯರಿಂದ ದೂರ ಸರಿದರು. ನಿಮ್ಮ ಕಥೆಯ ಮೊದಲ ದಿನ ಎಲ್ಲರನ್ನೂ ನಗಿಸುತ್ತಿದ್ದ ಹುಡುಗ ಹದಿನೈದನೆಯ ದಿನವೂ ಅದೇ ಹುರುಪಿನಲ್ಲಿ ಚಟಾಕಿ ಹಾರಿಸುತ್ತಿದ್ದರೆ ಅವನು ಹಸಿದಿಲ್ಲ ಎಂದೇ ಅರ್ಥ. ಅವನ ನಗು ಯಾವ ದಿನ ನಿಂತಿತು, ಅದನ್ನು ಮೊದಲು ಗಮನಿಸಿದವರು ಯಾರು ಎಂಬುದನ್ನು ಬರೆಯಿರಿ.

ಇನ್ನೊಂದು ವಿಷಯದಲ್ಲಿ ಹೊಸಬರ ಕಥೆಗಳು ಎಡವುತ್ತವೆ. ನೀರಿಲ್ಲದೆ ಮನುಷ್ಯ ಉಳಿಯುವುದು ಸುಮಾರು ಮೂರು ದಿನ, ಆಹಾರವಿಲ್ಲದೆ ವಾರಗಟ್ಟಲೆ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಅಂದರೆ ಮೊದಲು ಮರೆ, ನಂತರ ನೀರು, ಆಮೇಲೆ ಆಹಾರ. ಆದರೆ ಅನುಭವವಿಲ್ಲದ ಹುಡುಗರು ಮೊದಲು ಹುಡುಕುವುದು ಆಹಾರವನ್ನೇ, ಏಕೆಂದರೆ ಹಸಿವು ಹೊಟ್ಟೆಯಲ್ಲಿ ಕೂಗುತ್ತದೆ, ಬರಲಿರುವ ರಾತ್ರಿ ಕೂಗುವುದಿಲ್ಲ. ಇಡೀ ಮಧ್ಯಾಹ್ನ ಮೀನಿನ ಹಿಂದೆ ಬಿದ್ದು ಸಂಜೆ ಒದ್ದೆಯಾಗಿ, ತಲೆಯ ಮೇಲೆ ಮರೆಯಿಲ್ಲದೆ ನಿಲ್ಲುವ ಪಾತ್ರವು ತಪ್ಪು ಮಾಡಿದ್ದು ನಿಜವಾದರೂ ಓದುಗರು ಅದರ ಮೇಲೆ ಸಿಟ್ಟಾಗುವುದಿಲ್ಲ, ತಾವೂ ಹಾಗೆಯೇ ಮಾಡುತ್ತಿದ್ದೆವು ಎಂದುಕೊಳ್ಳುತ್ತಾರೆ.

ಗುಂಪಿನೊಳಗಿನ ಜಾಗಗಳು

ಗುಂಪಿನ ಕಥೆಯನ್ನು ಬರೆಯುವಾಗ ನಾಯಕ, ಹೇಡಿ, ಜಾಣ, ವಿದೂಷಕ ಎಂದು ಹೆಸರಿಗೊಂದು ಗುಣ ಹಂಚಿಬಿಡುವ ಅಭ್ಯಾಸವಿದೆ. ಅದರಿಂದ ಕಥೆ ಬೇಗ ಶುರುವಾಗುತ್ತದೆ, ಅಷ್ಟೇ ಬೇಗ ನಿಂತೂ ಹೋಗುತ್ತದೆ. ಅಪಾಯದಲ್ಲಿ ಮನುಷ್ಯರು ಹೇಗೆ ವರ್ತಿಸುತ್ತಾರೆ ಎಂಬುದನ್ನು ದೀರ್ಘಕಾಲ ಅಭ್ಯಸಿಸಿದ ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಲೀಚ್ ಹೇಳುವ ಪ್ರಕಾರ, ದುರಂತದ ಮೊದಲ ಗಳಿಗೆಯಲ್ಲಿ ಸುಮಾರು ಮುಕ್ಕಾಲು ಪಾಲು ಜನ ದಿಗ್ಭ್ರಮೆಯಿಂದ ನಿಂತುಬಿಡುತ್ತಾರೆ. ಉಳಿದವರಲ್ಲಿ ಕೆಲವರು ಶಾಂತವಾಗಿ ಕೆಲಸಕ್ಕೆ ತೊಡಗುತ್ತಾರೆ, ಕೆಲವರು ಹುಚ್ಚೆದ್ದು ಅಪಾಯವನ್ನು ಹೆಚ್ಚಿಸುತ್ತಾರೆ. ಹಾಗಾದರೆ ನಿಮ್ಮ ಐದು ಪಾತ್ರಗಳಲ್ಲಿ ಮೂವರೋ ನಾಲ್ವರೋ ಮೊದಲ ಗಂಟೆಯಲ್ಲಿ ಏನನ್ನೂ ಮಾಡದಿರುವುದೇ ಸಹಜ. ನಿಂತುಬಿಟ್ಟವರು ಹೇಡಿಗಳಲ್ಲ. ತರಗತಿಯಲ್ಲಿ ಎಲ್ಲರಿಗೂ ಮುಂದಾಳಾಗಿದ್ದವನು ಅಲ್ಲಾಡದೆ ಕೂತಿರುವಾಗ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಹುಡುಗಿಯೊಬ್ಬಳು ಚೀಲಗಳನ್ನು ಬಿಚ್ಚಿ ಏನೇನಿದೆ ಎಂದು ಎಣಿಸತೊಡಗಿದರೆ ಗುಂಪಿನ ಅಧಿಕಾರ ಮಾತಿಲ್ಲದೆಯೇ ಕೈ ಬದಲಾಯಿಸುತ್ತದೆ. ಮೂರನೆಯ ದಿನ ಅವನು ಚೇತರಿಸಿಕೊಂಡು ತನ್ನ ಹಳೆಯ ಜಾಗವನ್ನು ಕೇಳಿದಾಗ ನಿಜವಾದ ಸಂಘರ್ಷ ಆರಂಭವಾಗುತ್ತದೆ.

ಪಾತ್ರಗಳನ್ನು ಗುಣದಿಂದ ಬೇರೆ ಮಾಡುವ ಬದಲು ಕೆಲಸದಿಂದ ಬೇರೆ ಮಾಡಿ. 1972ರ ಅಕ್ಟೋಬರ್ 13ರಂದು ಆಂಡಿಸ್ ಪರ್ವತದಲ್ಲಿ ಉರುಗ್ವೆಯ ರಗ್ಬಿ ತಂಡವಿದ್ದ ವಿಮಾನ ಬಿದ್ದಾಗ ಅದರಲ್ಲಿದ್ದ 45 ಜನರಲ್ಲಿ 16 ಮಂದಿ 72 ದಿನಗಳ ನಂತರ ಜೀವಂತ ಉಳಿದರು. ಅವರಲ್ಲಿ ಬಹುತೇಕರು ಇಪ್ಪತ್ತರ ಆಚೀಚೆಯವರು. ಆಸನದ ಲೋಹದ ತಗಡಿನಲ್ಲಿ ಬಿಸಿಲಿಗೆ ಹಿಮ ಕರಗಿಸಿ ನೀರು ಮಾಡುವ ಉಪಾಯವನ್ನು ಒಬ್ಬ ಕಂಡುಹಿಡಿದ. ವೈದ್ಯಕೀಯ ವಿದ್ಯಾರ್ಥಿಗಳು ಗಾಯಾಳುಗಳನ್ನು ನೋಡಿಕೊಂಡರು. ಕಡೆಗೆ ಇಬ್ಬರು ಸುಮಾರು ಹತ್ತು ದಿನ ಪರ್ವತವನ್ನು ದಾಟಿ ನಡೆದು ಸಹಾಯ ತಂದರು. ಹುಡುಕಾಟ ನಿಂತುಹೋಗಿದೆ ಎಂಬ ಸುದ್ದಿಯನ್ನು ಗುಂಪಿನವರು ಪುಟ್ಟ ರೇಡಿಯೊದಲ್ಲಿ ತಾವೇ ಕೇಳಿದ್ದರು. ಒಂದೇ ಸುದ್ದಿ ಒಬ್ಬನನ್ನು ಕುಸಿಯುವಂತೆಯೂ ಇನ್ನೊಬ್ಬನನ್ನು ಎದ್ದು ನಿಲ್ಲುವಂತೆಯೂ ಮಾಡುತ್ತದೆ. ನಿಮ್ಮ ಕಥೆಯಲ್ಲಿಯೂ ಗುಂಪಿನ ಪ್ರತಿಯೊಬ್ಬರೂ ಒಂದೇ ಕೆಟ್ಟ ಸುದ್ದಿಯನ್ನು ಒಟ್ಟಿಗೆ ಕೇಳುವ ಒಂದು ಅಧ್ಯಾಯವಿರಲಿ. ಪಾತ್ರಗಳನ್ನು ಬೇರೆ ಬೇರೆಯಾಗಿ ತೋರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ಚಿಕ್ಕವರನ್ನು ಕಾಪಾಡಬೇಕಾದ ಹಿರಿಯ ಮಗುವಿನ ಪಾತ್ರಕ್ಕೆ ಈ ಪ್ರಕಾರದಲ್ಲಿ ವಿಶೇಷ ಬಲವಿದೆ. 2023ರ ಮೇ 1ರಂದು ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿದ್ದಾಗ ತಾಯಿಯನ್ನು ಕಳೆದುಕೊಂಡ ನಾಲ್ವರು ಒಡಹುಟ್ಟಿದವರು ಜೂನ್ 9ರಂದು ಜೀವಂತವಾಗಿ ಸಿಕ್ಕರು. ಹಿರಿಯಳಿಗೆ 13 ವರ್ಷ, ಕಿರಿಯ ಮಗುವಿಗೆ ವಿಮಾನ ಬಿದ್ದಾಗ 11 ತಿಂಗಳು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ಮತ್ತು ತಮ್ಮ ಹುಯಿಟೊಟೊ ಆದಿವಾಸಿ ಸಮುದಾಯದ ಹಿರಿಯರಿಂದ ಕಲಿತ ಕಾಡಿನ ಪರಿಚಯ ಅವರನ್ನು ಉಳಿಸಿದವು. ಇಂಥ ಪಾತ್ರವನ್ನು ದೇವತೆಯನ್ನಾಗಿ ಮಾಡಬೇಡಿ. ಮಗುವಿನ ಅಳು ನಿಲ್ಲದ ರಾತ್ರಿ ಅವಳಿಗೆ ಸಿಟ್ಟು ಬರಲಿ, ತನ್ನ ಪಾಲನ್ನು ತಮ್ಮನಿಗೆ ಕೊಟ್ಟ ಮೇಲೆ ಅವನು ತಿನ್ನುವುದನ್ನು ನೋಡಲಾರದೆ ಅವಳು ಮುಖ ತಿರುಗಿಸಲಿ. ಅವಳ ಪ್ರೀತಿ ಓದುಗರಿಗೆ ಮುಟ್ಟುವುದು ಅದಕ್ಕೆ ಅವಳು ತೆತ್ತ ಬೆಲೆ ಕಂಡಾಗ.

ಎಷ್ಟು ಪಾತ್ರಗಳಿರಬೇಕು ಎಂದು ಕೇಳಿದರೆ ಐದನ್ನು ದಾಟಬೇಡಿ ಎನ್ನುವೆ. ಪ್ರತಿಯೊಬ್ಬರ ಗಾಯ, ಬಟ್ಟೆ, ಪಾಲು, ಮುನಿಸು ಎಲ್ಲವನ್ನೂ ಪ್ರತಿ ಪುಟದಲ್ಲೂ ನೆನಪಿಡಬೇಕಾದ ಕಥೆಯಿದು.

ತಪ್ಪುಗಳು ಪಾತ್ರದಿಂದಲೇ ಹುಟ್ಟಲಿ

ಕಥೆಯನ್ನು ಆರಂಭಿಸಲು ದುರದೃಷ್ಟವನ್ನು ಬಳಸಬಹುದು: ವಿಮಾನ ಬೀಳಬಹುದು, ಸೇತುವೆ ಕೊಚ್ಚಿಹೋಗಬಹುದು. ಆದರೆ ಅಲ್ಲಿಂದ ಮುಂದಿನ ಪ್ರತಿ ಕಷ್ಟವೂ ಸಾಧ್ಯವಾದಷ್ಟು ಪಾತ್ರಗಳ ತೀರ್ಮಾನಗಳಿಂದಲೇ ಬರಬೇಕು, ಮತ್ತು ಆ ತೀರ್ಮಾನ ಆ ಗಳಿಗೆಯಲ್ಲಿ ಸರಿ ಎನಿಸುವಂತಿರಬೇಕು. ಅದೃಷ್ಟದಿಂದ ಪಾತ್ರಗಳು ತೊಂದರೆಗೆ ಬೀಳುವುದನ್ನು ಓದುಗರು ಕ್ಷಮಿಸುತ್ತಾರೆ, ಅದೃಷ್ಟದಿಂದ ಪಾರಾಗುವುದನ್ನು ಕ್ಷಮಿಸುವುದಿಲ್ಲ.

ಈ ಬಗೆಯ ಕಥೆಗಳ ಅತಿ ದೊಡ್ಡ ತೀರ್ಮಾನವೆಂದರೆ ಇದ್ದಲ್ಲೇ ಇರುವುದೋ ನಡೆಯುವುದೋ ಎಂಬುದು. ದಾರಿ ತಪ್ಪಿದವರು ಇದ್ದಲ್ಲೇ ಇದ್ದರೆ ಹುಡುಕುವವರಿಗೆ ಸುಲಭ. 1981ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಕಳೆದುಹೋಗಿ ತೀರಿಕೊಂಡ ನಂತರ, ದಾರಿ ತಪ್ಪಿದ ಕೂಡಲೇ ಒಂದು ಮರವನ್ನು ತಬ್ಬಿಕೊಂಡು ಅಲ್ಲೇ ನಿಲ್ಲುವಂತೆ ಮಕ್ಕಳಿಗೆ ಕಲಿಸುವ ಕಾರ್ಯಕ್ರಮವೇ ಅಲ್ಲಿ ಆರಂಭವಾಯಿತು. ಆದರೆ ನಿಂತಲ್ಲೇ ನಿಲ್ಲುವುದು ಹದಿಹರೆಯದವರಿಗೆ ಬಹಳ ಕಷ್ಟ. ಹಾಗಾಗಿ ನಿಮ್ಮ ಪಾತ್ರ ನಡೆಯಲು ಹೊರಟರೆ ಅದಕ್ಕೆ ಅದರದೇ ಕಾರಣವಿರಲಿ. ಒಬ್ಬನಿಗೆ ಸುಮ್ಮನೆ ಕೂತರೆ ಸತ್ತ ಗೆಳೆಯನ ಮುಖ ಕಣ್ಣಿಗೆ ಬರುತ್ತದೆ; ಇನ್ನೊಬ್ಬಳಿಗೆ ತನ್ನನ್ನು ಯಾರೂ ಹುಡುಕಲು ಬರುವುದಿಲ್ಲ ಎಂಬ ಹಳೆಯ ನಂಬಿಕೆಯಿದೆ, ಅದು ಕಾಡಿಗೆ ಬರುವ ಮೊದಲೇ ಅವಳ ಮನೆಯಲ್ಲಿ ಹುಟ್ಟಿದ್ದು. ಈ ಎರಡನೆಯ ಕಾರಣದಿಂದ ಒಂದು ಇಡೀ ಕಾದಂಬರಿಯನ್ನು ಬರೆಯಬಹುದು.

ನಡೆಯುವವರು ನೇರವಾಗಿ ನಡೆಯುತ್ತಾರೆಂಬ ಖಾತರಿಯೂ ಇಲ್ಲ. 2009ರಲ್ಲಿ ಯಾನ್ ಸೌಮನ್ ಮತ್ತು ಸಂಗಡಿಗರು ಜರ್ಮನಿಯ ಕಾಡಿನಲ್ಲಿಯೂ ಸಹಾರಾ ಮರುಭೂಮಿಯಲ್ಲಿಯೂ ಮಾಡಿದ ಅಧ್ಯಯನದಲ್ಲಿ, ಸೂರ್ಯನೋ ಚಂದ್ರನೋ ಕಾಣದಿದ್ದಾಗ ಜನ ನೇರ ಹೋಗುತ್ತಿದ್ದೇವೆ ಎಂದು ನಂಬಿಕೊಂಡೇ ಸುತ್ತು ಹೊಡೆದು ಬಂದದ್ದು ಕಂಡುಬಂತು. ಮೋಡ ಕವಿದ ದಿನ, ಬೆಳಗಿನಿಂದ ನಡೆದ ಗುಂಪು ತಾವೇ ಬಿಟ್ಟುಹೋದ ಹರಿದ ಬಟ್ಟೆಯ ತುಂಡನ್ನು ಕಾಣುವ ದೃಶ್ಯ ಹಳೆಯದೇ ಇರಬಹುದು. ಅದನ್ನು ಹೊಸದಾಗಿಸುವುದು ಆ ತುಂಡನ್ನು ಮೊದಲು ಕಂಡವನು ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾನೋ, ಕಾಲಿನಿಂದ ಎಲೆಗಳನ್ನು ಸರಿಸಿ ಮುಚ್ಚುತ್ತಾನೋ ಎಂಬ ಪ್ರಶ್ನೆ.

ಅರ್ಧ ತಿಳಿವಳಿಕೆಯೂ ಒಳ್ಳೆಯ ಜಗಳಗಳನ್ನು ಕೊಡುತ್ತದೆ. ನೀರನ್ನು ಕುದಿಸಿ ಕುಡಿಯಬೇಕು ಎಂದು ಎಲ್ಲರಿಗೂ ಗೊತ್ತು. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, 2,000 ಮೀಟರಿಗಿಂತ ಎತ್ತರದಲ್ಲಾದರೆ ಮೂರು ನಿಮಿಷ ಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಬ್ಬಳು ಇಪ್ಪತ್ತು ನಿಮಿಷ ಎನ್ನುತ್ತಾಳೆ, ಸೌದೆ ತಂದು ಸೋತವನು ಬಿಸಿಯಾದರೆ ಸಾಕು ಎನ್ನುತ್ತಾನೆ, ಮೂರನೆಯವನು ಅವರ ಜಗಳ ಮುಗಿಯುವುದರೊಳಗೆ ತೊರೆಯಿಂದಲೇ ಕುಡಿದುಬಿಟ್ಟಿರುತ್ತಾನೆ.

ಕಾಡಿನ ಬಗ್ಗೆ ಒಂದೇ ಮಾತು ಸಾಕು. ಕಾಡಿಗೆ ದ್ವೇಷವಿಲ್ಲ, ಕರುಣೆಯೂ ಇಲ್ಲ. ಪಾತ್ರಗಳು ಅದನ್ನು ಶತ್ರು ಎಂದು ಬೈಯಬಹುದು, ನಿರೂಪಣೆ ಹಾಗೆ ಬೈಯಬಾರದು.

ಪಾರಾದ ಮೇಲಿನ ಪುಟಗಳು

ಹೆಲಿಕಾಪ್ಟರ್ ಸದ್ದು ಕೇಳಿದ ಕೂಡಲೇ ಕಥೆ ಮುಗಿಸುವುದು ಹದಿಹರೆಯದ ಓದುಗರಿಗೆ ಮಾಡುವ ಅನ್ಯಾಯ. ಅವರು ಇಷ್ಟು ದಿನ ಜೊತೆಗೆ ನಡೆದದ್ದು ಪಾತ್ರವು ಏನಾಯಿತು ಎಂದು ತಿಳಿಯಲು. ದೀರ್ಘಕಾಲ ಹಸಿದವರಿಗೆ ಏಕಾಏಕಿ ಹೊಟ್ಟೆ ತುಂಬ ಊಟ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್ ಮುಂತಾದ ಲವಣಗಳು ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಆಸ್ಪತ್ರೆಯಲ್ಲಿ ಅವರಿಗೆ ಆಹಾರವನ್ನು ಅಳೆದು ಕೊಡುತ್ತಾರೆ. ಕಾಡಿನಲ್ಲಿ ಹಸಿದದ್ದು ಸಾಲದೆಂಬಂತೆ ಊಟ ಎದುರಿಗೇ ಇರುವ ಜಾಗದಲ್ಲಿ ಮತ್ತೆ ಹಸಿದಿರಬೇಕಾದ ಹುಡುಗನ ಸಿಟ್ಟನ್ನು ಬರೆಯಿರಿ. ಮಿನೆಸೋಟದ ಆ ಯುವಕರಿಗೂ ಅರೆಹೊಟ್ಟೆಯ ತಿಂಗಳುಗಳು ಮುಗಿದ ಮೇಲೆ, ಹೊಟ್ಟೆ ತುಂಬಿದರೂ ಹಸಿವು ತಣಿಯದ ಕಾಲವೊಂದು ಬಂದಿತ್ತು.

ಇಂಥ ಕಥೆಯಲ್ಲಿ ಯಾರಾದರೂ ಸತ್ತಿದ್ದರೆ ಆ ಸಾವನ್ನು ಉಳಿದವರು ಮನೆಗೆ ತರಬೇಕಾಗುತ್ತದೆ. ಸಾವು ಓದುಗರನ್ನು ಬೆಚ್ಚಿಬೀಳಿಸಲು ಮಾತ್ರ ಬಂದಿದ್ದರೆ ಅದನ್ನು ತೆಗೆದುಹಾಕಿ; ಅದು ಉಳಿದವರ ಮುಂದಿನ ಪ್ರತಿ ತೀರ್ಮಾನದಲ್ಲಿಯೂ ಪಾಲು ಕೇಳುವಂತಿದ್ದರೆ ಮಾತ್ರ ಇಟ್ಟುಕೊಳ್ಳಿ. ಸತ್ತ ಗೆಳೆಯನ ತಾಯಿಯನ್ನು ಎದುರಿಸುವ ದೃಶ್ಯವನ್ನು ತಪ್ಪಿಸಬೇಡಿ. ಆ ತಾಯಿ ಏನು ಕೇಳುತ್ತಾಳೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ: ಕೊನೆಗೆ ಏನಾದರೂ ಹೇಳಿದನೇ, ನೋವಾಯಿತೇ, ನೀನು ಜೊತೆಗೆ ಇದ್ದೆಯಾ. ಆಮೇಲೆ ಆ ಹುಡುಗಿ ಯಾವ ಪ್ರಶ್ನೆಗೆ ನಿಜ ಹೇಳುತ್ತಾಳೆ, ಯಾವುದಕ್ಕೆ ಸುಳ್ಳು ಹೇಳುತ್ತಾಳೆ, ಆ ಸುಳ್ಳನ್ನು ಪಾರಾದ ಇನ್ನೊಬ್ಬನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುವಾಗ ತಡೆಯುತ್ತಾನೋ ಸುಮ್ಮನಿರುತ್ತಾನೋ ಎಂಬುದನ್ನು ನಿರ್ಧರಿಸಿ. ಈ ಒಂದು ದೃಶ್ಯವನ್ನು ಕಾದಂಬರಿಯ ಮೊದಲ ಅಧ್ಯಾಯಕ್ಕಿಂತ ಮುಂಚೆ ಕರಡಾಗಿ ಬರೆದಿಟ್ಟುಕೊಂಡರೆ, ನಡುವಿನ ಅಧ್ಯಾಯಗಳಲ್ಲಿ ಆ ಇಬ್ಬರ ನಡುವೆ ಏನೇನು ನಡೆಯಬೇಕು ಎಂಬುದು ಬಹುಮಟ್ಟಿಗೆ ಅದರಿಂದಲೇ ತಿಳಿಯುತ್ತದೆ.